ಕೂಗಳತೆ

ದುರ್ಗಿಗುಡಿಯ ಅಡ್ಡರಸ್ತೆ, ಜೆರಾಕ್ಸ್ ಅಂಗಡಿಯ ಮೇಲುಮಾಳಿಗೆ.
ಹಾಲೇಶಿಯ ಎಂಟು ಕಂಪ್ಯೂಟರು, ಆರು ಕುರ್ಚಿ.
ಗಂಟೆಗೆ ನಲವತ್ತು, ಕರೆಂಟು ಹೋದರೆ ಅರ್ಧ ವಾಪಸು.
ಹಗಲೆಲ್ಲ ಊರವರ ಗಡಿ ಅಳೆದು ಬಂದ ನಾನು
ರಾತ್ರಿ ಎಂಟಕ್ಕೆ ಇಲ್ಲಿ,
ಯಾರ ಹೆಸರಲ್ಲೂ ಪಹಣಿಯಿಲ್ಲದ ಬಯಲಲ್ಲಿ
ಟ್ಯಾಂಕು ಓಡಿಸುತ್ತೇನೆ.

ಹದಿನೈದು ಈ ಕಡೆ, ಹದಿನೈದು ಆ ಕಡೆ.
ನಮ್ಮವರು ಮೂವರು; ಉಳಿದ ಹನ್ನೆರಡು
ಯಾವ ದೇಶದವೋ, ಓದಲಾಗದ ಲಿಪಿ.
ಭದ್ರಾವತಿಯಿಂದ ನೂರುಲ್ಲಾ ಸಾಹೇಬರು,
ಕಾರ್ಖಾನೆಯಲ್ಲಿ ಕ್ರೇನು ನಡೆಸಿ ನಿವೃತ್ತರು,
ಅವರದು ನೂರು ಟನ್ನಿನ ಹೆವಿ.
ಸಾಗರದಿಂದ ಪ್ರೆಸಿಲ್ಲಾ, ನರ್ಸಿಂಗ್ ಎರಡನೇ ವರ್ಷ,
ಅವಳದು ಕಾಗದದ ಮೈ, ಜಿಂಕೆಯ ಕಾಲು.
ನನ್ನದು ನಡುವಿನದು, ಸರ್ಕಾರಿ ನೌಕರಿಯ ಹಾಗೆ:
ಯಾವುದಕ್ಕೂ ಸಾಲದು, ಎಲ್ಲದಕ್ಕೂ ಬೇಕು.

ಕಳೆದ ತಿಂಗಳು ಅಪ್‌ಡೇಟ್ ಬಂತು.
ನಕ್ಷೆ ಹಿಗ್ಗಿತು, ಅಂಚಿನಿಂದ ಅಂಚಿಗೆ
ಸಾವಿರದ ನಾನೂರು ಮೀಟರು.
ಪ್ರೆಸಿಲ್ಲಾ ಹೆಡ್‌ಫೋನಿನಲ್ಲಿ ಕೇಕೆ ಹಾಕಿದಳು.
ಸಾಹೇಬರು ಹೊರಟರು, ಹೊರಟೇ ಹೊರಟರು,
ಗಂಟೆಗೆ ಹದಿನೆಂಟರ ನಡಿಗೆ,
ಒಂದು ಕಾಲುವೆ, ಒಂದು ಸೇತುವೆ, ಒಂದು ಒಡೆದ ಚರ್ಚು.
ಮುಟ್ಟುವಷ್ಟರಲ್ಲಿ
ಸುಡುವುದೆಲ್ಲ ಸುಟ್ಟು ಮುಗಿದಿತ್ತು.
"ಮದ್ವೆಗೆ ಹೋದ್ರೆ ಎಲೆ ಎತ್ತುತಿದ್ರು ಕಣಮ್ಮಾ" ಅಂದರು.

ದೂರು ಹೋದವು ಸಾವಿರಾರು. ನಕ್ಷೆ ಕುಗ್ಗಿತು.
ಆರುನೂರು.
ಈಗ ಹೆವಿಗಳದೇ ರಾಜ್ಯ.
ಪ್ರೆಸಿಲ್ಲಾ ಹೊರಟ ನಲವತ್ತನೇ ಸೆಕೆಂಡಿಗೆ ಬೂದಿ;
ಉಳಿದ ಹೊತ್ತು ಮೂಳೆಗಳ ಹೆಸರು ಬಾಯಿಪಾಠ,
ನಮ್ಮ ಗುಂಡಿನ ಸದ್ದಿನ ನಡುವೆ
ಭುಜದಿಂದ ಬೆರಳ ತುದಿಯವರೆಗೆ.

ಬುಧವಾರ ಚಂದ್ರಗುತ್ತಿ ಕಡೆ ಮೋಜಣಿ.
ಸರಪಳಿಯನ್ನು ಮಟ್ಟಸ ಹಿಡಿಯಬೇಕು;
ಗುಡ್ಡದ ಬೆನ್ನಿಗೆ ಒರಗಿಸಿದರೆ ಲೆಕ್ಕ ತಪ್ಪು.
ಕಾಗದಕ್ಕೆ ಏರು ಗೊತ್ತಿಲ್ಲ.
ಅರ್ಜಿದಾರಳು ಗುತ್ಯಮ್ಮ ಮೊಣಕಾಲು ಹಿಡಿದು ನಿಂತು
"ನಿಮ್ ನಕ್ಷೆಯಾಗೆ ನನ್ ಏದುಸಿರು ಎಲ್ಲೈತೆ, ತೋರ್ಸಿ" ಅಂದಳು.
ಗಡಿಕಲ್ಲು ಎಷ್ಟು ದೂರ ಅಂದರೆ
ಒಂದು ಕೂಗು ಅಂದಳು.
ಕೂಗಿಯೂ ಬಿಟ್ಟಳು.
ಆ ಮಗ್ಗುಲಿಂದ ದಾಯಾದಿ ಓಗೊಟ್ಟ,
ಕೇಸು ಹಾಕಿದಂದಿನಿಂದ ಮಾತು ಬಿಟ್ಟವನು.

ಬುತ್ತಿ ಬಿಚ್ಚಿದ ಪಾಳು ಮಂಟಪದ ಹಾಸುಗಲ್ಲಲ್ಲಿ
ಯಾರೋ ಕೆತ್ತಿದ ಆಡು-ಹುಲಿ ಮನೆ.
ಮೂರು ಹುಲಿ, ಹದಿನೈದು ಆಡು.
ಇದರಲ್ಲಿ ಸಮ ಎಲ್ಲಿಂದ ಬಂತು?
ಒಂದು ಗೆರೆ ಹೆಚ್ಚಿದ್ದರೆ ಹುಲಿ ಎಂದೂ ಸಿಕ್ಕದು,
ಒಂದು ಗೆರೆ ಕಮ್ಮಿಯಾದರೆ ಹಾರಲು ಜಾಗವಿಲ್ಲ.
ಉಳಿ ಹಿಡಿದ ಆ ಕೈ
ಎಷ್ಟು ಮಧ್ಯಾಹ್ನ ಸೋತಿರಬೇಕು,
ಇಲ್ಲಿಗೆ ಸಾಕು ಎಂದು ತಿಳಿಯಲು.
ಮೊಸರನ್ನದ ಅಗುಳು ಬಿದ್ದ ಒಂದು ಮನೆಯನ್ನು
ಒರೆಸಿ ಎದ್ದೆ.

ಆ ರಾತ್ರಿ ಬಿದ್ದದ್ದು ಬೇರೆ ನಕ್ಷೆ, ಮರಳುಗಾಡು,
ಕಣ್ಣು ಸೋಲುವಷ್ಟು.
ಪ್ರೆಸಿಲ್ಲಾ ಹಾರಲು ಸಿದ್ಧ.
"ಕೂಗಿದ್ರೆ ಕೇಳೋಷ್ಟು ದೂರ ಮಾತ್ರ ಹೋಗು."
"ಹೆಡ್‌ಫೋನ್ ಇದ್ಯಲ್ಲಕ್ಕ, ಸಾಗರದಿಂದ್ಲೇ ಕೇಳ್ತಿದೆ."
"ಹಾಗಲ್ಲ. ಅದನ್ನ ತೆಗೆದ್ರೂ."
ಅರ್ಥವಾಯಿತೋ ಇಲ್ಲವೋ,
ಅವಳ ಟ್ಯಾಂಕು ದಿಬ್ಬ ಹತ್ತಿ, ಇಳಿದು, ಮತ್ತೆ ಹತ್ತಿ,
ಮೇಯಲು ಬಿಟ್ಟ ಕರುವಿನಂತೆ ತಿರುತಿರುಗಿ ನೋಡುತ್ತ
ಹದಿನೆಂಟರ ನಡಿಗೆಗೆ ಕಾದಿತು.

ಸೋತೆವು. ಮುಚ್ಚಿಡುವುದೇನು,
ಎಡಗಡೆ ಪೂರ್ತಿ ಖಾಲಿ ಬಿಟ್ಟಿದ್ದೆವು, ಅಲ್ಲಿಂದಲೇ ನುಗ್ಗಿದರು.
ಒಬ್ಬರ ಹೊಗೆ ಒಬ್ಬರಿಗೆ ಕಾಣುವಷ್ಟು ಹತ್ತಿರ
ಮೂವರೂ ಉರಿದೆವು.
ಓದಲಾಗದ ಲಿಪಿಯವನೊಬ್ಬ ಬೈದ;
ಬೈಗುಳ ಮಾತ್ರ ಸರಾಗ ಓದಲು ಬಂತು.
ಹಾಲೇಶಿ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು
ನನ್ನ ಮುಖ ನೋಡಿದ. ತಾಳು ಅಂದೆ.
ಕಿವಿಯಲ್ಲಿ ಸಾಹೇಬರು ಇನ್ನೂ ನಗುತ್ತಿದ್ದರು:
"ಇವತ್ತು ಊಟ ಸಿಕ್ತು ಕಣಮ್ಮಾ.
ಪಾಯಸ ಒಂದು ಮುಗಿದಿತ್ತು."